ಲಿನ್‌ಪ್ರೋಗ್‌ನಲ್ಲಿ ಒಂದೊಂದು ಚರಕ್ಕೂ ಬೇರೆ ಬೇರೆ ಮಿತಿ ಕೊಡುವುದು ಹೇಗೆ? (ಪಶು ಆಹಾರ ಮಿಶ್ರಣದ ಲೆಕ್ಕ)

ಮೇವುಲೆಕ್ಕ

ಎಲ್ಲರಿಗೂ ನಮಸ್ಕಾರ. ನಮ್ಮ ಕಡೆಯ ಒಂದು ಸಣ್ಣ ಪಶು ಆಹಾರ ಘಟಕಕ್ಕೆ ಕಡಿಮೆ ಖರ್ಚಿನ ಮಿಶ್ರಣ ಲೆಕ್ಕ ಹಾಕುವ ಪ್ರೋಗ್ರಾಂ ಬರೆಯುತ್ತಿದ್ದೇನೆ. ಬಳಸುತ್ತಿರುವುದು ಪೈಥಾನ್ ಭಾಷೆ, ಅದರ ಸೈಪೈ ಲೈಬ್ರರಿಯಲ್ಲಿ ಲೀನಿಯರ್ ಪ್ರೋಗ್ರಾಮಿಂಗ್ ಮಾಡುವ, ಅಂದರೆ ನಿರ್ಬಂಧಗಳ ಒಳಗೆ ಅತಿ ಕಡಿಮೆ ವೆಚ್ಚ ಹುಡುಕುವ ಫಂಕ್ಷನ್ ಲಿನ್‌ಪ್ರೋಗ್. ಲೆಕ್ಕ 100 ಕಿಲೋ ಆಹಾರಕ್ಕೆ. ಆರು ಪದಾರ್ಥ, ಆರು ಚರ, ಎಲ್ಲವೂ ಕಿಲೋ ಲೆಕ್ಕದಲ್ಲಿ. ದರಗಳು ಪರೀಕ್ಷೆಗೆಂದು ಇಟ್ಟುಕೊಂಡವು, ಈ ದಿನದ ಮಾರುಕಟ್ಟೆ ದರವಲ್ಲ.

ಮೆಕ್ಕೆಜೋಳ: ಕಿಲೋಗೆ 24 ರೂ., ಪ್ರೋಟೀನ್ ಶೇ. 9, ಒಟ್ಟು ಜೀರ್ಣವಾಗುವ ಪೋಷಕಾಂಶ ಶೇ. 80
ಗೋಧಿ ಬೂಸಾ: 22 ರೂ., 15, 65
ಶೇಂಗಾ ಹಿಂಡಿ: 50 ರೂ., 45, 75
ಯೂರಿಯಾ: 40 ರೂ., 287, 0
ಖನಿಜ ಮಿಶ್ರಣ: 70 ರೂ., 0, 0
ಉಪ್ಪು: 8 ರೂ., 0, 0

ನಿರ್ಬಂಧ ಮೂರು. ಒಟ್ಟು ತೂಕ 100 ಕಿಲೋ. ಪ್ರೋಟೀನ್ 20 ಕಿಲೋಗೆ ಕಡಿಮೆಯಾಗಬಾರದು. ಜೀರ್ಣವಾಗುವ ಪೋಷಕಾಂಶ 68 ಕಿಲೋಗೆ ಕಡಿಮೆಯಾಗಬಾರದು. ಮಿತಿಗಳನ್ನು ಏನೂ ಕೊಡದೆ ಓಡಿಸಿದಾಗ ಬಂದ ಉತ್ತರ: ಮೆಕ್ಕೆಜೋಳ 85, ಯೂರಿಯಾ 4.30, ಉಪ್ಪು 10.70, ಉಳಿದ ಮೂರೂ ಸೊನ್ನೆ. ವೆಚ್ಚ 2,297.70 ರೂ. ಇದನ್ನು ಯಾವ ಹಸುವಿಗೂ ಹಾಕಲಾಗದು.

ಯೂರಿಯಾ 1 ಕಿಲೋ ದಾಟಬಾರದು ಎಂದು `ಬೌಂಡ್ಸ್=(0, 1)` ಕೊಟ್ಟೆ. ಈಗ ಸ್ಟೇಟಸ್ 2 ಬರುತ್ತಿದೆ, ಪರಿಹಾರವೇ ಇಲ್ಲ ಎನ್ನುತ್ತಿದೆ. ಖನಿಜ ಮಿಶ್ರಣ ಸರಿಯಾಗಿ 2 ಕಿಲೋ, ಉಪ್ಪು ಸರಿಯಾಗಿ 1 ಕಿಲೋ ಇರಬೇಕು. ಇವನ್ನೆಲ್ಲ ಮಿತಿಯಾಗಿ ಕೊಡಬೇಕೋ, ನಿರ್ಬಂಧದ ಮ್ಯಾಟ್ರಿಕ್ಸ್‌ಗೆ ಸಾಲುಗಳಾಗಿ ಸೇರಿಸಬೇಕೋ ಎಂಬುದೂ ನನಗೆ ಸ್ಪಷ್ಟವಿಲ್ಲ. ತಿಳಿದವರು ಹೇಳಿ.

ಸರಳರೇಖೆ

ಒಂದೇ ಜೋಡಿ ಕೊಟ್ಟರೆ ಲಿನ್‌ಪ್ರೋಗ್ ಅದನ್ನು ಎಲ್ಲಾ ಚರಗಳಿಗೂ ಹಚ್ಚುತ್ತದೆ. ಅಂದರೆ ನಿಮ್ಮ ಆರೂ ಪದಾರ್ಥಗಳಿಗೆ ಮೇಲ್ಮಿತಿ 1 ಕಿಲೋ ಆಯಿತು. ಎಲ್ಲವನ್ನೂ ಮೇಲ್ಮಿತಿಯವರೆಗೆ ತುಂಬಿದರೂ 6 ಕಿಲೋ ದಾಟುವುದಿಲ್ಲ, ನೀವು ಕೇಳುತ್ತಿರುವುದು 100. ಸಾಲ್ವರ್ (ಉತ್ತರ ಹುಡುಕುವ ಪ್ರೋಗ್ರಾಂ) ಹೇಳಿದ್ದು ಸರಿಯೇ.

ಚರಕ್ಕೊಂದು ಜೋಡಿಯಂತೆ ಪಟ್ಟಿ ಕೊಡಬೇಕು. ಕೋಡಿನ ಪದಗಳನ್ನು ನಾವು ಇಲ್ಲಿ ಎಂದಿನಂತೆ ಕನ್ನಡ ಲಿಪಿಯಲ್ಲೇ ಬರೆಯುತ್ತಿದ್ದೇವೆ. ನಿಮ್ಮ ಫೈಲಿನಲ್ಲಿ ಪೈಥಾನ್‌ನ ಮೂಲ ಪದಗಳನ್ನೇ ಟೈಪ್ ಮಾಡಿ. ‘ನನ್’ ಎಂದಿರುವ ಕಡೆ ಮಿತಿ ಇಲ್ಲ ಎಂದರ್ಥ. ಎ_ಯುಬಿ, ಬಿ_ಯುಬಿ ಎಂದರೆ ‘≤’ ನಿರ್ಬಂಧಗಳ ಎಡ, ಬಲ ಬದಿ; ಎ_ಈಕ್ಯೂ, ಬಿ_ಈಕ್ಯೂ ಎಂದರೆ ಸಮೀಕರಣಗಳವು.

```
ಬೌಂಡ್ಸ್ = [
    (0, ನನ್),   # ಮೆಕ್ಕೆಜೋಳ
    (0, ನನ್),   # ಗೋಧಿ ಬೂಸಾ
    (0, ನನ್),   # ಶೇಂಗಾ ಹಿಂಡಿ
    (0, 1),     # ಯೂರಿಯಾ, ಕಿಲೋ
    (2, 2),     # ಖನಿಜ ಮಿಶ್ರಣ, ಸ್ಥಿರ
    (1, 1),     # ಉಪ್ಪು, ಸ್ಥಿರ
]
ಫಲ = ಲಿನ್‌ಪ್ರೋಗ್(ದರ, ಎ_ಯುಬಿ, ಬಿ_ಯುಬಿ, ಎ_ಈಕ್ಯೂ, ಬಿ_ಈಕ್ಯೂ, ಬೌಂಡ್ಸ್=ಬೌಂಡ್ಸ್)
```

ಕೆಳಮಿತಿಯೂ ಮೇಲ್ಮಿತಿಯೂ ಒಂದೇ ಆದರೆ ಆ ಚರ ಅಲ್ಲಿಗೆ ಸ್ಥಿರವಾಗುತ್ತದೆ. ಖನಿಜ, ಉಪ್ಪುಗಳಿಗೆ ಪ್ರತ್ಯೇಕ ಸಮೀಕರಣ ಬೇಡ. ಪಟ್ಟಿಯ ಕ್ರಮ ಮಾತ್ರ ದರದ ಅರೇಯ ಕ್ರಮಕ್ಕೆ ತಕ್ಕ ಹಾಗೆ ಇರಬೇಕು. ಇಲ್ಲಿ ಕ್ರಮ ತಪ್ಪಿದರೆ ಯಾವ ಎಚ್ಚರಿಕೆಯೂ ಬರುವುದಿಲ್ಲ. ಹಿಂಡಿಯ ಮಿತಿ ಯೂರಿಯಾಕ್ಕೆ ಹೋಗಿ ಕೂರುತ್ತದೆ, ಉತ್ತರವೂ ಬರುತ್ತದೆ.

ನಿಮ್ಮ ಲೆಕ್ಕವನ್ನು ನಾನೂ ಹಾಕಿ ನೋಡಿದೆ. ಖನಿಜ, ಉಪ್ಪುಗಳನ್ನು ಮಾತ್ರ ಸ್ಥಿರಗೊಳಿಸಿ ಯೂರಿಯಾವನ್ನು ಹಾಗೇ ಬಿಟ್ಟರೆ ಯೂರಿಯಾ 3.02 ಕಿಲೋ, ಶೇಂಗಾ ಹಿಂಡಿ ಸೊನ್ನೆ, ವೆಚ್ಚ 2,428.54 ರೂ. ಯೂರಿಯಾಕ್ಕೆ 1ರ ಮೇಲ್ಮಿತಿ ಇಟ್ಟ ಮೇಲೆ ಮೆಕ್ಕೆಜೋಳ 27.59, ಬೂಸಾ 53.79, ಹಿಂಡಿ 14.62, ಯೂರಿಯಾ 1, ವೆಚ್ಚ 2,764.47 ರೂ. ನೂರು ಕಿಲೋಗೆ ಸುಮಾರು 336 ರೂಪಾಯಿ ಹೆಚ್ಚು. ಆ ಒಂದು ಮಿತಿಯ ಬೆಲೆ ಅದು, ಕೊಡಲೇಬೇಕಾದ ಬೆಲೆ.

ಮಿತಿ ಕೊಡದಿದ್ದಾಗ ಏನಾಯಿತು ಎಂಬುದನ್ನೂ ಗಮನಿಸಿ. ಪ್ರೋಗ್ರಾಂ ಉಪ್ಪನ್ನು ಹತ್ತೂಮುಕ್ಕಾಲು ಕಿಲೋ ಸುರಿದದ್ದು ರುಚಿಗಲ್ಲ. 100 ಕಿಲೋ ತೂಕ ತುಂಬಿಸಲು ನಿಮ್ಮ ಪಟ್ಟಿಯಲ್ಲಿ ಅದಕ್ಕಿಂತ ಅಗ್ಗದ ವಸ್ತು ಬೇರೆ ಇರಲಿಲ್ಲ. ಲೀನಿಯರ್ ಪ್ರೋಗ್ರಾಮಿಂಗ್‌ಗೆ ಹಸು ಗೊತ್ತಿಲ್ಲ, ನಾವು ಬರೆದ ಅಂಕಿಗಳಷ್ಟೇ ಗೊತ್ತು.

ಗೋವೈದ್ಯೆ

ಕೋಡಿನ ಬಗ್ಗೆ ನಾನು ಹೇಳುವುದಿಲ್ಲ, ನನ್ನ ಕ್ಷೇತ್ರ ಪಶುವೈದ್ಯಕೀಯ. ಆದರೆ ಆ ಯೂರಿಯಾದ ಸಾಲಿನ ಬಗ್ಗೆ ಸುಮ್ಮನಿರಲು ಆಗದು.

ಯೂರಿಯಾದಲ್ಲಿ ಪ್ರೋಟೀನ್ ಇಲ್ಲ. ಅದರಲ್ಲಿ ಶೇ. 46ರಷ್ಟು ಸಾರಜನಕ ಇದೆ, ಅದನ್ನು 6.25ರಿಂದ ಗುಣಿಸಿದರೆ 287 ಬರುತ್ತದೆ. ಮೆಲುಕು ಹಾಕುವ ಪ್ರಾಣಿಯ ಮೊದಲ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳು ಆ ಸಾರಜನಕವನ್ನು ಬಳಸಿ ಪ್ರೋಟೀನ್ ಕಟ್ಟುತ್ತವೆ. ಅದಕ್ಕೆ ಜೊತೆಯಲ್ಲಿ ಬೇಗ ಹುದುಗುವ ಪಿಷ್ಟವೋ ಬೆಲ್ಲದ ಮಡ್ಡಿಯೋ ಬೇಕು. ಯೂರಿಯಾ ಹೆಚ್ಚಾದರೆ ಅಮೋನಿಯಾ ರಕ್ತಕ್ಕೆ ಸೇರುತ್ತದೆ. ಬಾಯಲ್ಲಿ ನೊರೆ, ಮೈ ನಡುಕ, ಹೊಟ್ಟೆಯುಬ್ಬರ, ಉಸಿರಾಟದ ತೊಂದರೆ ಕಾಣಿಸಿಕೊಂಡು ಕೆಲವೇ ಗಂಟೆಗಳಲ್ಲಿ ಹಸು ಸಾಯಬಹುದು. ಮಿಶ್ರ ಆಹಾರದಲ್ಲಿ ಶೇ. 1ರ ಒಳಗೆ ಇಡಿ ಎಂದು ನಾವು ಹೇಳುವುದು ಈ ಕಾರಣಕ್ಕೆ. ಮಿಶ್ರಣದಲ್ಲಿ ಒಂದೇ ಕಡೆ ಗಂಟುಕಟ್ಟಿಕೊಳ್ಳದಂತೆ ಸಮವಾಗಿ ಬೆರೆಸುವುದೂ ಅಷ್ಟೇ ಮುಖ್ಯ, ಅದನ್ನು ಯಾವ ಮ್ಯಾಟ್ರಿಕ್ಸೂ ನೋಡಿಕೊಳ್ಳುವುದಿಲ್ಲ.

ಕರುಗಳಿಗೆ ಯೂರಿಯಾ ಬೇಡವೇ ಬೇಡ. ಅವುಗಳ ಮೊದಲ ಹೊಟ್ಟೆ ಇನ್ನೂ ಬೆಳೆದಿರುವುದಿಲ್ಲ. ಹಂದಿ, ಕೋಳಿ, ಕುದುರೆಗಳ ಆಹಾರಕ್ಕೂ ಇದೇ ಪ್ರೋಗ್ರಾಂ ಬಳಸುವ ಯೋಚನೆ ಇದ್ದರೆ ಅಲ್ಲಿಯೂ ಯೂರಿಯಾ ಇರಬಾರದು.

ಇನ್ನೊಂದು ಮಾತು. 53.79 ಕಿಲೋ ಬೂಸಾ ಜಾಸ್ತಿಯಾಯಿತು ಎನಿಸುತ್ತದೆ. ಬೂಸಾದಲ್ಲಿ ರಂಜಕ ಹೆಚ್ಚು, ಕ್ಯಾಲ್ಸಿಯಂ ಕಡಿಮೆ. ನಾನಾದರೆ 40ಕ್ಕೆ ನಿಲ್ಲಿಸುತ್ತೇನೆ.

ಮೇವುಲೆಕ್ಕ

ಇಬ್ಬರಿಗೂ ಧನ್ಯವಾದ. ಬೂಸಾಕ್ಕೆ (0, 40) ಕೊಟ್ಟು ಓಡಿಸಿದೆ. ಮೆಕ್ಕೆಜೋಳ 39.08, ಬೂಸಾ 40, ಹಿಂಡಿ 16.92, ಯೂರಿಯಾ 1, ಖನಿಜ 2, ಉಪ್ಪು 1. ವೆಚ್ಚ 2,851.83 ರೂ. ಈಗ ಇದು ಘಟಕದವರು ಚೀಲದ ಮೇಲೆ ಬರೆಯುವ ಪಟ್ಟಿಯಂತೆಯೇ ಕಾಣುತ್ತಿದೆ.

ಸಾಲುಕಂಬ

ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಎಲ್ಲವನ್ನೂ ಸಾಲುಗಳಾಗಿ ಬರೆಯುವುದೇ ಮೇಲು ಎಂದು ನನಗೆ ಅನ್ನಿಸುತ್ತದೆ. ಯೂರಿಯಾ ≤ 1 ಎಂಬುದಕ್ಕೆ [0, 0, 0, 1, 0, 0] ಎಂಬ ಒಂದು ಸಾಲು, ಬಲಗಡೆ 1. ಉತ್ತರ ಅದೇ ಬರುತ್ತದೆ. ನಿರ್ಬಂಧಗಳೆಲ್ಲ ಒಂದೇ ಜಾಗದಲ್ಲಿ ಸಿಗುತ್ತವೆ, ಒಂದೊಂದು ಸಾಲಿಗೂ ಹೆಸರಿಡಬಹುದು, ಪರಿಶೀಲಿಸುವವರಿಗೆ ಎರಡು ಕಡೆ ಹುಡುಕುವ ಕೆಲಸ ಇರುವುದಿಲ್ಲ. ಸಾಲ್ವರ್ ಮೊದಲ ಹಂತದಲ್ಲೇ ಒಂದೇ ಚರವಿರುವ ಸಾಲುಗಳನ್ನು ಗುರುತಿಸಿ ಮಿತಿಯಾಗಿ ಬದಲಿಸಿಕೊಳ್ಳುತ್ತದೆ. ಹಾಗಿದ್ದ ಮೇಲೆ ವೇಗದ ವಾದವೂ ನಿಲ್ಲುವುದಿಲ್ಲ.

ಸರಳರೇಖೆ

ಉತ್ತರ ಅದೇ ಬರುತ್ತದೆ ಎಂಬುದು ಯೂರಿಯಾದ ಮೇಲ್ಮಿತಿಯ ಮಟ್ಟಿಗೆ ನಿಜ. ಕೆಳಮಿತಿಯ ವಿಷಯಕ್ಕೆ ಬಂದರೆ ನಿಜವಲ್ಲ, ಅನೇಕರು ಎಡವುವುದು ಅಲ್ಲಿಯೇ.

ಒಂದು ಚರ ಋಣ ಮೌಲ್ಯ (ಸೊನ್ನೆಗಿಂತ ಕಡಿಮೆ) ಪಡೆಯಬಹುದು ಎಂದಿಟ್ಟುಕೊಳ್ಳಿ. ದಾಸ್ತಾನಿನ ನಿವ್ವಳ ಖರೀದಿ ಒಳ್ಳೆಯ ಉದಾಹರಣೆ: ಧನವಾದರೆ ಕೊಂಡದ್ದು, ಋಣವಾದರೆ ಮಾರಿದ್ದು. ಮಾರಾಟ 50 ಚೀಲ ದಾಟಬಾರದು ಎಂದು ನೀವು x ≥ -50 ಎಂಬ ಸಾಲು ಸೇರಿಸುತ್ತೀರಿ. ಬೌಂಡ್ಸ್ ಏನೂ ಕೊಡುವುದಿಲ್ಲ. ಲಿನ್‌ಪ್ರೋಗ್ ಆಗ ತನ್ನ ಡೀಫಾಲ್ಟ್ (0, ನನ್) ಅನ್ನು ಹಾಕಿಕೊಂಡೇ ಇರುತ್ತದೆ. ಈಗ x ≥ -50 ಮತ್ತು x ≥ 0 ಎರಡೂ ಜಾರಿಯಲ್ಲಿವೆ, ಬಿಗಿಯಾದದ್ದು ಗೆಲ್ಲುತ್ತದೆ. ನಿಮ್ಮ ಸಾಲು ಇದ್ದೂ ಇಲ್ಲದಂತೆ. ಪ್ರೋಗ್ರಾಂ ಒಂದು ಚೀಲವನ್ನೂ ಮಾರುವುದಿಲ್ಲ, ಸ್ಟೇಟಸ್ 0 ಎಂದು ತೋರಿಸುತ್ತದೆ. ದೋಷದ ಸಂದೇಶ ಬಂದರೆ ಹುಡುಕಬಹುದು, ಇಲ್ಲಿ ಹುಡುಕಲು ಕಾರಣವೇ ಸಿಗುವುದಿಲ್ಲ. ಮಿತಿಯನ್ನು ಮಿತಿಯ ಜಾಗದಲ್ಲೇ, (-50, ನನ್) ಎಂದು ಬರೆದಿದ್ದರೆ ಈ ಸಮಸ್ಯೆ ಹುಟ್ಟುತ್ತಲೇ ಇರಲಿಲ್ಲ.

ವೇಗದ ವಿಷಯ. ಆರು ಚರಗಳ ಲೆಕ್ಕದಲ್ಲಿ ಯಾವ ವ್ಯತ್ಯಾಸವೂ ಕಾಣದು, ಒಪ್ಪುತ್ತೇನೆ. ಒಂದೇ ಚರದ ಸಾಲುಗಳನ್ನು ಪೂರ್ವಹಂತವು ಮಿತಿಯಾಗಿ ಬದಲಿಸುತ್ತದೆ, ಅದೂ ನಿಜ. ಆದರೆ ಈ ಲೆಕ್ಕಗಳನ್ನು ಹೆಜ್ಜೆಹೆಜ್ಜೆಯಾಗಿ ಬಿಡಿಸುವ ಸಿಂಪ್ಲೆಕ್ಸ್ ವಿಧಾನದ ಒಳಗೆ ಏನು ನಡೆಯುತ್ತದೆ ಎಂದು ತಿಳಿದರೆ ಮಿತಿಗಳಿಗೆ ಬೇರೆ ಜಾಗ ಯಾಕಿದೆ ಎಂಬುದು ಅರ್ಥವಾಗುತ್ತದೆ. ಸಿಂಪ್ಲೆಕ್ಸ್ ಪ್ರತಿ ಹೆಜ್ಜೆಯಲ್ಲೂ ಬಗೆಹರಿಸುವ ಬೇಸಿಸ್ (ಆ ಹೆಜ್ಜೆಯಲ್ಲಿ ಮೌಲ್ಯ ಲೆಕ್ಕ ಹಾಕುವ ಚರಗಳ ಗುಂಪು) ಮ್ಯಾಟ್ರಿಕ್ಸ್‌ನ ಅಳತೆ ಸಾಲುಗಳ ಸಂಖ್ಯೆಯಷ್ಟು. ಮೂರು ಸಾಲು ಇದ್ದರೆ ಮೂರಕ್ಕೆ ಮೂರು. ಮಿತಿಗಳನ್ನು ಸಾಲು ಮಾಡಿದರೆ ಈ ಮ್ಯಾಟ್ರಿಕ್ಸ್ ಬೆಳೆಯುತ್ತದೆ. ಮಿತಿಗಳನ್ನು ಹೊರಗಿಟ್ಟರೆ ಬೇಸಿಸ್‌ನಲ್ಲಿಲ್ಲದ ಚರವು ತನ್ನ ಕೆಳಮಿತಿಯಲ್ಲೋ ಮೇಲ್ಮಿತಿಯಲ್ಲೋ ನಿಂತಿದೆ ಎಂಬ ಒಂದು ಗುರುತು ಸಾಕು. ಕೆಲವೊಮ್ಮೆ ಬೇಸಿಸ್ ಬದಲಾಗದೆ ಚರವು ಒಂದು ಮಿತಿಯಿಂದ ಇನ್ನೊಂದು ಮಿತಿಗೆ ಹಾರುವುದೂ ಉಂಟು. ಸಾವಿರಾರು ಚರಗಳ ಲೆಕ್ಕದಲ್ಲಿ, ಅದರಲ್ಲೂ ಪೂರ್ವಹಂತವನ್ನು ಆಫ್ ಮಾಡಿ ಮತ್ತೆ ಮತ್ತೆ ಓಡಿಸುವ ಕಡೆ, ಇದು ದೊಡ್ಡ ಉಳಿತಾಯ.

ಹೆಸರಿಡುವ ವಿಷಯದಲ್ಲಿ ನಿಮ್ಮ ಮಾತು ನ್ಯಾಯವಾದದ್ದು. ಒಂದು ಮಿತಿ ಯಾಕಿದೆ ಎಂಬ ಕಾರಣ ಕೋಡಿನಲ್ಲಿ ಇರಲೇಬೇಕು. ಮಿತಿಯ ಪಕ್ಕದಲ್ಲೇ ಟಿಪ್ಪಣಿ ಬರೆದರೆ ಆ ಕೆಲಸ ಆಗುತ್ತದೆ.

ಹಳೆಮ್ಯಾಟ್‌ಲ್ಯಾಬ್

ಕೆಳಮಿತಿಯ ಈ ವಿಷಯವನ್ನು ಇನ್ನೂ ಗಟ್ಟಿಯಾಗಿ ಹೇಳಬೇಕು. ನಾನು ಮ್ಯಾಟ್‌ಲ್ಯಾಬ್‌ನಲ್ಲಿ (ಗಣಿತದ ಲೆಕ್ಕಗಳ ಇನ್ನೊಂದು ತಂತ್ರಾಂಶ) ಬಹುಕಾಲ ಕೆಲಸ ಮಾಡಿ ಪೈಥಾನ್‌ಗೆ ಬಂದವನು. ಎರಡರಲ್ಲೂ ಫಂಕ್ಷನ್‌ನ ಹೆಸರು ಲಿನ್‌ಪ್ರೋಗ್. ಮ್ಯಾಟ್‌ಲ್ಯಾಬ್‌ನಲ್ಲಿ ಮಿತಿ ಕೊಡದಿದ್ದರೆ ಚರಕ್ಕೆ ಎರಡೂ ಕಡೆ ಅಂಕೆಯಿಲ್ಲ. ಸೈಪೈನಲ್ಲಿ ಮಿತಿ ಕೊಡದಿದ್ದರೆ ಚರ ಸೊನ್ನೆಗಿಂತ ಕೆಳಗೆ ಇಳಿಯದು. ಕೋಡನ್ನು ಸಾಲುಸಾಲಾಗಿ ಬದಲಿಸಿಕೊಂಡು ಹೋದರೆ ಎಲ್ಲವೂ ಓಡುತ್ತದೆ, ಲೆಕ್ಕ ಮಾತ್ರ ಬೇರೆಯದು.

ಒಂದೊಂದು ಸಾಧನವೂ ಒಂದೊಂದು ದಾರಿ ಹಿಡಿದಿದೆ. ಗುರೋಬಿ ಸಾಲ್ವರ್‌ನಲ್ಲಿ ಚರ ಸೇರಿಸುವ ಆ್ಯಡ್‌ವಾರ್ ಕೊಡುವ ಕೆಳಮಿತಿ ಸೊನ್ನೆ. ಆರ್ ಭಾಷೆಯ ಎಲ್‌ಪಿ‌ಸಾಲ್ವ್ ಪ್ಯಾಕೇಜ್ ಎಲ್ಲಾ ಚರಗಳನ್ನೂ ಸೊನ್ನೆ ಅಥವಾ ಹೆಚ್ಚು ಎಂದೇ ಹಿಡಿಯುತ್ತದೆ. ಪೈಥಾನ್‌ನದೇ ಪಲ್ಪ್‌ನಲ್ಲಿ ಕೆಳಮಿತಿ ಕೊಡದಿದ್ದರೆ ಚರ ಮುಕ್ತ, ಪಯೋಮೋದಲ್ಲೂ ಜೂಲಿಯಾದ ಜಂಪ್‌ನಲ್ಲೂ ಹಾಗೆಯೇ. ಎಕ್ಸೆಲ್ ಸಾಲ್ವರ್‌ನಲ್ಲಿ ಮಿತಿಯಿಲ್ಲದ ಚರಗಳನ್ನು ಋಣವಾಗದಂತೆ ಇಡುವ ಒಂದು ಚೌಕ ಇದೆ, ಅದನ್ನು ಕ್ಲಿಕ್ ಮಾಡಿದೆಯೋ ಇಲ್ಲವೋ ನೋಡದೆ ಮುಂದೆ ಹೋಗಬೇಡಿ. ಜಿಎಲ್‌ಪಿಕೆ ಇವೆಲ್ಲಕ್ಕಿಂತ ಬೇರೆ: ಅದರ ಸಿ ಲೈಬ್ರರಿಯಲ್ಲಿ ಹೊಸದಾಗಿ ಸೇರಿಸಿದ ಕಾಲಂ ಸೊನ್ನೆಗೆ ಸ್ಥಿರವಾಗಿ ಹುಟ್ಟುತ್ತದೆ. ಮಿತಿಯ ಬಗೆಯನ್ನು ನೀವೇ ಹೇಳಬೇಕು.

ಆದ್ದರಿಂದ ನನ್ನ ಪದ್ಧತಿ ಒಂದೇ. ಡೀಫಾಲ್ಟ್ ಸರಿಯಾಗಿಯೇ ಇದ್ದರೂ ಎಲ್ಲಾ ಚರಗಳ ಎರಡೂ ಮಿತಿಗಳನ್ನು ಕೈಯಾರೆ ಬರೆಯುತ್ತೇನೆ. (0, ನನ್) ಎಂದು ಬರೆಯಲು ಐದು ಸೆಕೆಂಡ್ ಬೇಕು. ಮುಂದೆ ಆ ಕೋಡನ್ನು ಓದುವವರಿಗೆ ಇದು ಯೋಚಿಸಿ ಇಟ್ಟದ್ದು ಎಂದು ಗೊತ್ತಾಗುತ್ತದೆ.

ಎಂಎಸ್ಸಿವಿದ್ಯಾರ್ಥಿನಿ

ನಡುವೆ ಕೇಳುತ್ತಿರುವುದಕ್ಕೆ ಕ್ಷಮಿಸಿ. ಮುಕ್ತ ಚರ ಇದ್ದರೆ ಅದನ್ನು ಎರಡು ಋಣವಲ್ಲದ ಚರಗಳ ವ್ಯತ್ಯಾಸವಾಗಿ ಬರೆಯಬೇಕು ಎಂದು ತರಗತಿಯಲ್ಲಿ ಕಲಿಸಿದ್ದಾರೆ. x = ಪಿ − ಕ್ಯೂ, ಎರಡೂ ≥ 0. ಕೋಡಿನಲ್ಲಿಯೂ ಹಾಗೇ ಮಾಡಬೇಕೇ? ಇನ್ನೊಂದು ಸಂದೇಹ: ಲಿನ್‌ಪ್ರೋಗ್ ಕನಿಷ್ಠವನ್ನು ಮಾತ್ರ ಹುಡುಕುತ್ತದೆ. ಗರಿಷ್ಠ ಬೇಕಾದಾಗ ಮಿತಿಗಳನ್ನೂ ತಿರುಗಿಸಬೇಕೇ?

ಸರಳರೇಖೆ

ಎರಡಕ್ಕೂ ಬೇಡ. ಎರಡಾಗಿ ಒಡೆಯುವುದು ಕೈಯಲ್ಲಿ ಟ್ಯಾಬ್ಲೋ (ಸಿಂಪ್ಲೆಕ್ಸ್‌ನ ಕೋಷ್ಟಕ) ಹಾಕುವಾಗಿನ ಅನುಕೂಲ. ಕೋಡಿನಲ್ಲಿ (ನನ್, ನನ್) ಎಂದು ಬರೆದರೆ ಮುಗಿಯಿತು. ಒಡೆದರೆ ಪಿ, ಕ್ಯೂ ಎರಡನ್ನೂ ಒಂದೇ ಮೊತ್ತದಿಂದ ಏರಿಸಿದರೂ x ಬದಲಾಗುವುದಿಲ್ಲ, ಒಂದೇ ಉತ್ತರಕ್ಕೆ ಕೊನೆಯಿಲ್ಲದಷ್ಟು ರೂಪಗಳು ಹುಟ್ಟುತ್ತವೆ. ಇಂಟೀರಿಯರ್ ಪಾಯಿಂಟ್ ಎಂಬ ಇನ್ನೊಂದು ವಿಧಾನಕ್ಕೆ ಅದರಿಂದ ಕಷ್ಟವೇ. ಆದರೆ ಖರೀದಿಗೆ ಒಂದು ದರ, ಮಾರಾಟಕ್ಕೆ ಇನ್ನೊಂದು ದರ ಇದ್ದರೆ ಆಗ ಒಡೆಯಲೇಬೇಕು. ಅಲ್ಲಿ ಅವು ನಿಜವಾಗಿಯೂ ಎರಡು ಬೇರೆ ಚರಗಳು.

ಗರಿಷ್ಠಕ್ಕೆ ದರದ ಅರೇಯ ಚಿಹ್ನೆ ಮಾತ್ರ ಬದಲಿಸಿ, ಬಂದ ಮೌಲ್ಯದ ಚಿಹ್ನೆಯನ್ನು ಮತ್ತೆ ಬದಲಿಸಿಕೊಳ್ಳಿ. ಚರಗಳು ಅವೇ ಆಗಿರುವುದರಿಂದ ಮಿತಿಗಳು ಇದ್ದ ಹಾಗೆ ಇರುತ್ತವೆ.

ಗ್ರಿಡ್‌ನವಳು

ನಾನು ವಿದ್ಯುತ್ ಉತ್ಪಾದನೆಯ ವೇಳಾಪಟ್ಟಿಯ ಲೆಕ್ಕಗಳಲ್ಲಿ ಕೆಲಸ ಮಾಡುವವಳು. ಮೇವಿನ ಲೆಕ್ಕಕ್ಕೂ ಉಪಯೋಗಕ್ಕೆ ಬರುವ ಒಂದು ವಿಷಯ ಹೇಳುತ್ತೇನೆ.

ಒಂದು ಉಷ್ಣ ವಿದ್ಯುತ್ ಘಟಕ ಗರಿಷ್ಠ 500 ಮೆಗಾವ್ಯಾಟ್ ಕೊಡುತ್ತದೆ, ಆದರೆ ಓಡುತ್ತಿರುವಾಗ 275ಕ್ಕಿಂತ ಕೆಳಗೆ ಇಳಿಸುವಂತಿಲ್ಲ ಎಂದುಕೊಳ್ಳಿ. ಹೊಸಬರು ತಕ್ಷಣ (275, 500) ಎಂದು ಬರೆಯುತ್ತಾರೆ. ಹಾಗೆ ಬರೆದರೆ ಘಟಕವನ್ನು ನಿಲ್ಲಿಸುವ ಆಯ್ಕೆಯೇ ಹೋಯಿತು! ರಾತ್ರಿ ಬೇಡಿಕೆ ಕುಸಿದಾಗ ಹತ್ತು ಘಟಕಗಳೂ 275 ಹೊರಹಾಕುತ್ತಲೇ ಇರಬೇಕಾಗುತ್ತದೆ, ಸಾಲ್ವರ್ ಪರಿಹಾರವಿಲ್ಲ ಎನ್ನುತ್ತದೆ. ನಮಗೆ ಬೇಕಾದದ್ದು ‘ಒಂದೋ ಸೊನ್ನೆ, ಇಲ್ಲವೇ 275ರಿಂದ 500’. ಈ ಮಾತನ್ನು ಬರೀ ಮಿತಿಯಿಂದ ಹೇಳಲು ಸಾಧ್ಯವಿಲ್ಲ. ಸೊನ್ನೆ ಮತ್ತು 275ರ ನಡುವೆ ಖಾಲಿ ಜಾಗ ಇದೆ, ಲೀನಿಯರ್ ಪ್ರೋಗ್ರಾಂನ ಸಾಧ್ಯತಾ ಪ್ರದೇಶದಲ್ಲಿ ಅಂಥ ಖಾಲಿ ಜಾಗಕ್ಕೆ ಅವಕಾಶವಿಲ್ಲ.

ಸೈಪೈ 1.9ರಿಂದ ಲಿನ್‌ಪ್ರೋಗ್‌ಗೆ ಇಂಟಿಗ್ರಾಲಿಟಿ ಎಂಬ ಆರ್ಗ್ಯುಮೆಂಟ್ ಬಂದಿದೆ. ಚರವೊಂದಕ್ಕೆ 1 ಕೊಟ್ಟರೆ ಪೂರ್ಣಾಂಕ, 2 ಕೊಟ್ಟರೆ ‘ಸೊನ್ನೆ ಅಥವಾ ಮಿತಿಗಳ ಒಳಗೆ’. ಈ ಎರಡನೆಯದಕ್ಕೆ ಮೇಲ್ಮಿತಿಯನ್ನು ಖಂಡಿತ ಕೊಡಿ. ಮೇವುಲೆಕ್ಕ ಅವರೇ, ಶೇಂಗಾ ಹಿಂಡಿ ಹಾಕಿದರೆ ಕನಿಷ್ಠ 5 ಕಿಲೋ ಹಾಕಬೇಕು, ಇಲ್ಲದಿದ್ದರೆ ಬೇಡವೇ ಬೇಡ ಎಂದು ಘಟಕದವರು ಹೇಳಿದರೆ ದಾರಿ ಇದು. ಒಳಗೆ ಓಡುವುದು ಆಗ ಮಿಶ್ರ ಪೂರ್ಣಾಂಕದ ಲೆಕ್ಕ, ಹೆಚ್ಚು ಸಮಯ ತೆಗೆದುಕೊಳ್ಳಬಹುದು.

ಮೇಲ್ಮಿತಿಗೆ ಬಾಯಿಗೆ ಬಂದ ದೊಡ್ಡ ಸಂಖ್ಯೆ ಕೊಡುವ ಅಭ್ಯಾಸವನ್ನೂ ಬಿಡಬೇಕು. ಹತ್ತು ಕೋಟಿ ಎಂದೋ ನೂರು ಕೋಟಿ ಎಂದೋ ಬರೆದು ‘ಅನಂತ’ ಎಂದುಕೊಳ್ಳುತ್ತಾರೆ. ಮಿತಿ ಇಲ್ಲದಿದ್ದರೆ ‘ನನ್’ ಬರೆಯಿರಿ, ಇದ್ದರೆ ನಿಜವಾದ ಸಂಖ್ಯೆ ಬರೆಯಿರಿ. ಲಿನ್‌ಪ್ರೋಗ್‌ನ ಹಿಂದೆ ಈಗ ಇರುವುದು ಎಡಿನ್‌ಬರೋ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಹೈಸ್ ಸಾಲ್ವರ್. ಅದೂ ಗುರೋಬಿಯೂ 10ರ 20ನೇ ಘಾತ ದಾಟಿದ ಮಿತಿಯನ್ನು ಅನಂತ ಎಂದು ಹಿಡಿಯುತ್ತವೆ, ಅದಕ್ಕಿಂತ ಸಣ್ಣದನ್ನು ನಿಜವಾದ ಮಿತಿಯೆಂದೇ ನಂಬುತ್ತವೆ. ಮಾದರಿಯಲ್ಲಿ ಒಂದು ನಿರ್ಬಂಧ ಬಿಟ್ಟುಹೋಗಿದ್ದರೆ, ಅಂಕೆಯಿಲ್ಲ ಎಂದು ಸ್ಟೇಟಸ್ 3 ತೋರಿಸಬೇಕಾದ ಜಾಗದಲ್ಲಿ, ನೂರು ಕೋಟಿ ಚೀಲ ಮೆಕ್ಕೆಜೋಳ ಎಂಬ ‘ಯಶಸ್ವಿ’ ಉತ್ತರ ಬರುತ್ತದೆ. ಸ್ಟೇಟಸ್ 3 ನಮಗೆ ಉಪಕಾರ ಮಾಡುವ ಸಂದೇಶ. ಅದರ ಬಾಯಿ ಮುಚ್ಚಿಸಬಾರದು.

ಸಾಲುಕಂಬ

ಕೆಳಮಿತಿಯ ವಾದವನ್ನು ಒಪ್ಪಿದೆ. ಆದರೆ ಒಂದು ಪ್ರಶ್ನೆ ಉಳಿದಿದೆ. ಸಾಲಾಗಿ ಬರೆದರೆ ಆ ನಿರ್ಬಂಧದ ನೆರಳು ಬೆಲೆ (ಅದನ್ನು ಒಂದು ಕಿಲೋ ಸಡಿಲಿಸಿದರೆ ವೆಚ್ಚ ಎಷ್ಟು ಬದಲಾಗುತ್ತದೆ ಎಂಬ ಸಂಖ್ಯೆ) ಸಿಗುತ್ತದೆ. 1 ಕಿಲೋ ಬದಲು 1.1 ಕಿಲೋ ಯೂರಿಯಾ ಬಿಟ್ಟರೆ ಎಷ್ಟು ಉಳಿಯುತ್ತದೆ ಎಂದು ಯಜಮಾನರು ಕೇಳಿದರೆ, ಮಿತಿಯಾಗಿ ಬರೆದವರು ಏನು ಹೇಳುತ್ತೀರಿ?

ಸರಳರೇಖೆ

ಅದೂ ಸಿಗುತ್ತದೆ. ಹೈಸ್ ವಿಧಾನದಲ್ಲಿ ಫಲದೊಳಗೆ ಲೋವರ್, ಅಪ್ಪರ್ ಎಂಬ ಎರಡು ಭಾಗಗಳಿವೆ, ಎರಡರಲ್ಲೂ ಮಾರ್ಜಿನಲ್ಸ್ ಎಂಬ ಅರೇ ಇದೆ. ಬೂಸಾದ ಮಿತಿ ಹಾಕುವ ಮೊದಲಿನ ಲೆಕ್ಕದಲ್ಲಿ `ಫಲ.ಅಪ್ಪರ್.ಮಾರ್ಜಿನಲ್ಸ್[3]` ನೋಡಿದರೆ −166.27 ಕಾಣುತ್ತದೆ. ಯೂರಿಯಾದ ಮೇಲ್ಮಿತಿಯನ್ನು 1 ಕಿಲೋ ಸಡಿಲಿಸಿದರೆ ವೆಚ್ಚ 166.27 ರೂ. ಇಳಿಯುತ್ತದೆ ಎಂಬ ಲೆಕ್ಕ. 1.1 ಮಾಡಿದರೆ 16.63 ರೂ. ಈ ದರ ಯೂರಿಯಾ 3.02 ಆಗುವವರೆಗೆ ನಡೆಯುತ್ತದೆ, ಅಲ್ಲಿ ಹಿಂಡಿ ಪೂರ್ತಿ ಖಾಲಿಯಾಗುತ್ತದೆ. 2.02 ಕಿಲೋವನ್ನು 166.27ರಿಂದ ಗುಣಿಸಿ ನೋಡಿ, ಮೊದಲು ಹೇಳಿದ 336 ರೂಪಾಯಿ ಸಿಗುತ್ತದೆ.

ಬೂಸಾಕ್ಕೆ 40 ಇಟ್ಟ ಮೇಲೆ ಯೂರಿಯಾದ ಸಂಖ್ಯೆ ಸುಮಾರು −184.8 ಆಗುತ್ತದೆ, ಬೂಸಾದ್ದು −6.33. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಬೂಸಾದ ಮಿತಿಯನ್ನು ಒಂದು ಕಿಲೋ ಬಿಟ್ಟುಕೊಟ್ಟರೆ ಆರು ರೂಪಾಯಿ ಚಿಲ್ಲರೆ, ಯೂರಿಯಾದ್ದನ್ನು ಬಿಟ್ಟುಕೊಟ್ಟರೆ ನೂರೆಂಬತ್ತು ದಾಟುತ್ತದೆ. ಒತ್ತಡ ಯಾವ ಮಿತಿಯ ಮೇಲೆ ಬೀಳುತ್ತದೆ ಎಂಬುದನ್ನು ಈ ಸಂಖ್ಯೆ ಮೊದಲೇ ಹೇಳಿಬಿಡುತ್ತದೆ. ಮುಂದೊಂದು ದಿನ ಹಿಂಡಿಯ ಬೆಲೆ ಏರಿದಾಗ ‘ಸ್ವಲ್ಪ ಯೂರಿಯಾ ಜಾಸ್ತಿ ಮಾಡಿ’ ಎಂಬ ಮಾತು ಬಂದೇ ಬರುತ್ತದೆ. ಆ ಮಿತಿಯ ಪಕ್ಕದ ಟಿಪ್ಪಣಿಯಲ್ಲಿ ವೈದ್ಯರು ಹೇಳಿದ ಕಾರಣ ಬರೆದಿರಲಿ. ‘ಶೇ. 1ರ ಮಿತಿ’ ಎಂದಷ್ಟೇ ಬರೆದರೆ ಸಾಲದು, ‘ದಾಟಿದರೆ ಅಮೋನಿಯಾ ವಿಷ, ಬದಲಿಸಬೇಡಿ’ ಎಂದೇ ಬರೆಯಿರಿ.

ಹಳೆಮ್ಯಾಟ್‌ಲ್ಯಾಬ್

ಯೂರಿಯಾದ ಈ ಕಥೆಗೂ ಮೇಲ್ಮಿತಿಗಳ ಹುಟ್ಟಿಗೂ ಹತ್ತಿರದ ಸಂಬಂಧ ಇದೆ. ಸಿಂಪ್ಲೆಕ್ಸ್ ವಿಧಾನವನ್ನು 1947ರಲ್ಲಿ ಕೊಟ್ಟ ಜಾರ್ಜ್ ಡಾಂಟ್ಜಿಗ್ 1990ರ ಒಂದು ಲೇಖನದಲ್ಲಿ ತಾವೇ ಇದನ್ನು ಹೇಳಿಕೊಂಡಿದ್ದಾರೆ. ಆಹಾರದ ಸಮಸ್ಯೆಯೇ ಈ ವಿಧಾನದ ಮೊದಲ ದೊಡ್ಡ ಪರೀಕ್ಷೆ. ಅರ್ಥಶಾಸ್ತ್ರಜ್ಞ ಜಾರ್ಜ್ ಸ್ಟಿಗ್ಲರ್ 1945ರಲ್ಲಿ 77 ಆಹಾರ, 9 ಪೋಷಕಾಂಶಗಳ ಪಟ್ಟಿ ಹಿಡಿದು 1939ರ ಬೆಲೆಗಳಲ್ಲಿ ವರ್ಷಕ್ಕೆ 39.93 ಡಾಲರ್‌ನ ಊಟ ಹುಡುಕಿದ್ದರು. 1947ರಲ್ಲಿ ಸಿಂಪ್ಲೆಕ್ಸ್‌ನಿಂದ ಅದೇ ಲೆಕ್ಕ ಹಾಕಿದಾಗ 39.69 ಬಂತು. ಕೈಯಲ್ಲಿ ಓಡಿಸುವ ಯಂತ್ರಗಳೊಂದಿಗೆ ಗುಮಾಸ್ತರ ಒಂದು ತಂಡ ಕೂತು ಅದನ್ನು ಬಿಡಿಸಿತ್ತು.

ಆಮೇಲೆ 1950ರ ದಶಕದಲ್ಲಿ ಡಾಂಟ್ಜಿಗ್‌ಗೆ ತೂಕ ಇಳಿಸಿ ಎಂದು ವೈದ್ಯರು ಹೇಳಿದರು. ಅವರು ತಮ್ಮ ಊಟವನ್ನೇ ಲೀನಿಯರ್ ಪ್ರೋಗ್ರಾಂ ಮಾಡಿದರು. ಹೊಟ್ಟೆ ತುಂಬಿದಂತೆ ಅನ್ನಿಸಬೇಕು ಎಂದು, ನೀರಿನಂಶ ಕಳೆದ ತೂಕ ಗರಿಷ್ಠವಾಗಬೇಕು ಎಂಬ ಗುರಿ. ಮೊದಲ ಉತ್ತರದಲ್ಲಿ 500 ಗ್ಯಾಲನ್ ವಿನೆಗರ್ ಇತ್ತು, ಯಾಕೆಂದರೆ ದತ್ತಾಂಶದಲ್ಲಿ ಅದರ ನೀರಿನಂಶ ಸೊನ್ನೆ ಎಂದಿತ್ತು. ಅದನ್ನು ಪಟ್ಟಿಯಿಂದ ತೆಗೆದರು. ಮುಂದಿನ ಉತ್ತರದಲ್ಲಿ ದಿನಕ್ಕೆ 200 ಬೂಯಾನ್ ಕ್ಯೂಬ್, ಅಂದರೆ ಸಾರಿಗೆ ಹಾಕುವ ಉಪ್ಪುಗಟ್ಟಿಗಳು. ಬಿಸಿನೀರಿಗೆ ನಾಲ್ಕನ್ನು ಹಾಕಿ ಕುಡಿಯಲು ಹೋದವರು ಉಗಿಯಬೇಕಾಯಿತು, ಅಷ್ಟು ಉಪ್ಪು. ದಿನಕ್ಕೆ ಮೂರೇ ಕ್ಯೂಬ್ ಎಂಬ ಮೇಲ್ಮಿತಿ ಹಾಕಿದರು. ಲೀನಿಯರ್ ಪ್ರೋಗ್ರಾಮಿಂಗ್‌ನಲ್ಲಿ ಚರಗಳ ಮೇಲ್ಮಿತಿ ಶುರುವಾದದ್ದು ಹೀಗೆ ಎಂದು ಅವರೇ ಬರೆದಿದ್ದಾರೆ. ಆಮೇಲೆ ಹೊಟ್ಟು ಉಕ್ಕಿತು, ಅದಕ್ಕೂ ಮಿತಿ ಹಾಕಿದ ಮೇಲೆ ಕಾಕಂಬಿ ಉಕ್ಕಿತು.

ಮೇವುಲೆಕ್ಕ ಅವರ ಮೊದಲ ಉತ್ತರದಲ್ಲಿ ಹತ್ತು ಕಿಲೋ ದಾಟಿದ ಉಪ್ಪನ್ನು ನೋಡಿದಾಗ ನನಗೆ ಮೊದಲು ನೆನಪಾದದ್ದು ಇದೇ. ಒಂದು ಮಿತಿ ಹಾಕಿದರೆ ಇನ್ನೊಂದು ಕಡೆ ಉಬ್ಬುವುದು ಸಹಜ. ಒಂದೊಂದೇ ಉತ್ತರವನ್ನು ವಿಷಯ ಬಲ್ಲವರಿಗೆ ತೋರಿಸಿ, ಅವರು ಬೇಡ ಎಂದ ಕಡೆ ಮಿತಿ ಹಾಕುತ್ತಾ ಹೋಗುವುದೇ ಈ ಕೆಲಸದ ಸರಿಯಾದ ಕ್ರಮ. ಇಲ್ಲಿ ಗೋವೈದ್ಯೆಯವರು ಬೂಸಾ ನೋಡಿ ಹೇಳಿದ್ದೂ ಅದನ್ನೇ.

ಮೇವುಲೆಕ್ಕ

ಇಷ್ಟು ಸಿಗುತ್ತದೆ ಎಂದು ನಿರೀಕ್ಷಿಸಿರಲಿಲ್ಲ, ಎಲ್ಲರಿಗೂ ಕೃತಜ್ಞ. ಇನ್ನೆರಡು ಸಣ್ಣ ಸಂದೇಹ ಕೇಳಿ ಮುಗಿಸುತ್ತೇನೆ.

ಒಂದು, ಘಟಕದ ಇನ್ನೊಬ್ಬರು ಯೂರಿಯಾಕ್ಕೆ (0, 0.01) ಎಂದು ಬರೆದಿದ್ದರು, ಬೂಸಾದ ಮಿತಿ ಇಲ್ಲದ ಲೆಕ್ಕದಲ್ಲಿ ವೆಚ್ಚ 2,929 ರೂ. ಬಂತು. ಕೆಲವೊಮ್ಮೆ ಉತ್ತರದಲ್ಲಿ 1.0000000002 ಎಂದೋ ಸೊನ್ನೆಯ ಬದಲು −0.0000000003 ಎಂದೋ ಕಾಣುತ್ತದೆ, ಮಿತಿ ಮುರಿಯಿತೇ?

ಎರಡು, ಕರುವಿನ ಆಹಾರಕ್ಕೆ ಯೂರಿಯಾದ ಕಾಲಂ ಅನ್ನೇ ಅಳಿಸಿಬಿಡಬೇಕೇ?

ಸರಳರೇಖೆ

(0, 0.01) ಅಳತೆಯ ಗೊಂದಲ. ಶೇ. 1 ಎಂಬುದು ಭಿನ್ನರಾಶಿಯಲ್ಲಿ 0.01, ಆದರೆ ನಿಮ್ಮ ಚರ 100 ಕಿಲೋಗೆ ಎಷ್ಟು ಕಿಲೋ ಎಂಬ ಅಳತೆಯಲ್ಲಿದೆ. ಅಲ್ಲಿ 0.01 ಎಂದರೆ ಹತ್ತು ಗ್ರಾಂ. ಮಿಶ್ರಣ ಸುರಕ್ಷಿತವಾಗಿಯೇ ಬಂತು, ದುಡ್ಡು ಮಾತ್ರ ನೂರು ಕಿಲೋಗೆ 164 ರೂ. ಹೆಚ್ಚಾಯಿತು. ಉಲ್ಟಾ ಆಗಿದ್ದರೆ, ಚರ ಭಿನ್ನರಾಶಿಯಲ್ಲಿದ್ದು ಮಿತಿ 1 ಎಂದು ಬರೆದಿದ್ದರೆ, ಇಡೀ ಆಹಾರ ಯೂರಿಯಾ ಆಗಲೂ ಆ ಮಿತಿ ಅಡ್ಡಬರುತ್ತಿರಲಿಲ್ಲ. ಮೇಲೆ ನಾನು ಟಿಪ್ಪಣಿಯಲ್ಲಿ ‘ಯೂರಿಯಾ, ಕಿಲೋ’ ಎಂದು ಅಳತೆ ಬರೆದದ್ದು ಇದಕ್ಕೇ.

ಆ ಪುಟ್ಟ ದಶಮಾಂಶಗಳು ಮಿತಿ ಮುರಿದದ್ದರ ಗುರುತಲ್ಲ. ಸಾಲ್ವರ್ ತನ್ನ ಸಹಿಷ್ಣುತೆಯ ಒಳಗೆ, ಹೈಸ್‌ನಲ್ಲಿ ಸಾಮಾನ್ಯವಾಗಿ 10ರ −7ನೇ ಘಾತದಷ್ಟು, ಮಿತಿಯನ್ನು ಪಾಲಿಸಿದರೆ ಸಾಕು ಎಂದುಕೊಳ್ಳುತ್ತದೆ. ಮುದ್ರಿಸುವ ಮೊದಲು ಎರಡು ದಶಮಾಂಶಕ್ಕೆ ಇಳಿಸಿ. ಕೋಡಿನಲ್ಲಿ ಮುಂದೆ ಎಲ್ಲಾದರೂ ‘ಸೊನ್ನೆಗೆ ಸಮವೇ’ ಎಂದು ಕೇಳುತ್ತಿದ್ದರೆ ಅದನ್ನು ‘10ರ −6ನೇ ಘಾತಕ್ಕಿಂತ ಚಿಕ್ಕದೇ’ ಎಂದು ಬದಲಿಸಿ.

ಕರುವಿಗೆ ಕಾಲಂ ಅಳಿಸಬೇಡಿ. ಅಳಿಸಿದರೆ ದರ, ಪ್ರೋಟೀನ್, ಮಿತಿ ಎಲ್ಲಾ ಅರೇಗಳ ಕ್ರಮವೂ ಜಾರುತ್ತದೆ. ಯೂರಿಯಾಕ್ಕೆ (0, 0) ಎಂದು ಬರೆಯಿರಿ. ಹಸುವಿಗೊಂದು, ಕರುವಿಗೊಂದು ಮಿತಿಪಟ್ಟಿ ಇಟ್ಟುಕೊಂಡು ಉಳಿದದ್ದನ್ನೆಲ್ಲ ಹಾಗೇ ಬಳಸಬಹುದು.

ಗೋವೈದ್ಯೆ

ಕರುವಿನ ಪಟ್ಟಿಯಲ್ಲಿ ಪ್ರೋಟೀನ್, ಖನಿಜದ ಪ್ರಮಾಣಗಳೂ ಬೇರೆ ಇರುತ್ತವೆ, ಹಸುವಿನ ಅಂಕಿಗಳನ್ನೇ ಇಡಬೇಡಿ. ನಿಮ್ಮ ತಾಲ್ಲೂಕಿನ ಪಶು ಆಸ್ಪತ್ರೆಯಲ್ಲಿ ಕೇಳಿ ಬರೆದುಕೊಳ್ಳಿ. ಇಲ್ಲಿ ಹಾಕಿದರೆ ಓಡಿಸುವ ಮೊದಲು ನಾನೂ ಒಮ್ಮೆ ನೋಡುತ್ತೇನೆ.